ಶಾಲಾ ಶಿಕ್ಷಣದಲ್ಲಿ ತಂತ್ರಜ್ಞಾನದ ನೇತೃತ್ವ: ಬೀದರ, ಭಾಲ್ಕಿ, ಔರಾದಗಳನ್ನು ಕುರಿತು ಒಂದು ವಿಚಾರ

ಶಾಲೆಗೆ ಯಂತ್ರವೊಂದು ಬಂದೊಡನೆ ಅದರ ಬೀಗದ ಕೈ ಯಾರ ಬಳಿ ಇರಬೇಕೆಂಬ ಪ್ರಶ್ನೆ ಏಳುತ್ತದೆ. ಅದರಿಂದ ಯಾವ ಮಗು ಏನನ್ನು ಕಲಿಯಬೇಕೆಂಬ ಪ್ರಶ್ನೆ ತಡವಾಗಿ ಬರುತ್ತದೆ. ಮೊದಲನೆಯದು ಉಗ್ರಾಣದ ಕೆಲಸ, ಎರಡನೆಯದು ನೇತೃತ್ವ. ಮೊದಲನೆಯದರಿಂದ ಎರಡನೆಯದಕ್ಕೆ ನಮ್ಮ ಜಿಲ್ಲೆ ಹೇಗೆ ಸಾಗಬೇಕೆಂಬುದೇ ಇಲ್ಲಿಯ ವಿಚಾರ.

ಅಮೆರಿಕದ ಶಾಲಾ ಜಿಲ್ಲೆಗಳಲ್ಲಿ ಇದಕ್ಕೆಂದೇ ತಂತ್ರಜ್ಞಾನ ನಿರ್ದೇಶಕರಿರುತ್ತಾರೆ. ಯಂತ್ರಗಳ ದುರಸ್ತಿಯಿಂದ ಆರಂಭವಾದ ಅವರ ಹೊಣೆ ಇಂದು ಬೋಧನೆ, ಆಯವ್ಯಯ, ಮಕ್ಕಳ ಮಾಹಿತಿಯ ರಕ್ಷಣೆಗಳವರೆಗೆ ಹಬ್ಬಿದೆ. ನಮ್ಮಲ್ಲಿ ಆ ಹೆಸರಿನ ಹುದ್ದೆಯಿಲ್ಲ, ಹೊಣೆಯಂತೂ ಇದೆ. ಬೀದರಿನ ಉಪನಿರ್ದೇಶಕರು, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಭಾಲ್ಕಿ ಹಾಗೂ ಔರಾದಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಕೊನೆಗೆ ಮುಖ್ಯೋಪಾಧ್ಯಾಯರು – ಇವರೆಲ್ಲರಲ್ಲಿ ಅದು ಹಂಚಿಹೋಗಿದೆ.

ಈ ಹೊಣೆಯ ಇತಿಹಾಸ ಬೋಧಪ್ರದವಾಗಿದೆ. 1975-76ರಲ್ಲಿ ಉಪಗ್ರಹದ ಮೂಲಕ ನೆರೆಯ ಗುಲ್ಬರ್ಗ ಜಿಲ್ಲೆಯ ಹಳ್ಳಿಗಳಿಗೆ ದೂರದರ್ಶನ ಬಂದಾಗ ಕಾರ್ಯಕ್ರಮಗಳು ಬೇರೆಡೆ ಸಿದ್ಧವಾಗುತ್ತಿದ್ದವು. ಹಳ್ಳಿಗೆ ಉಳಿದದ್ದು ಪೆಟ್ಟಿಗೆಯನ್ನು ಕಾಯುವ ಕೆಲಸ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿದ ಜಿಲ್ಲಾ ತರಬೇತಿ ಸಂಸ್ಥೆಗಳಲ್ಲಿ ಶೈಕ್ಷಣಿಕ ತಂತ್ರಜ್ಞಾನಕ್ಕೆ ಪ್ರತ್ಯೇಕ ಶಾಖೆಯೇ ಕಲ್ಪಿತವಾಯಿತು. 2001ರ ಸುಮಾರಿಗೆ ಮಾಹಿತಿ ಸಿಂಧು ಯೋಜನೆ ಸರಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳನ್ನು ತಂದಿತು. ಕಲಿಸುವವರು ಮಾತ್ರ ಹೊರಗಿನ ಸಂಸ್ಥೆಯವರು. ಮುಂದೆ 2016-17ರ ಟಾಲ್ಪ್ ಯೋಜನೆ ಶಾಲೆಯ ವಿಷಯ ಶಿಕ್ಷಕರಿಗೇ ತರಬೇತಿ ನೀಡತೊಡಗಿತು. ಹೀಗೆ ಯಂತ್ರವು ಹೊರಗಿನವರ ಕೈಯಿಂದ ಗಣಿತ, ವಿಜ್ಞಾನ ಶಿಕ್ಷಕರ ಕೈಗೆ ಬಂದುದು ಸಣ್ಣ ಬದಲಾವಣೆಯಲ್ಲ.

ನೇತೃತ್ವದ ನಿಜವಾದ ಪರೀಕ್ಷೆ ನಡೆದುದು 2020ರಲ್ಲಿ. ಶಾಲೆಗಳು ಮುಚ್ಚಿದಾಗ ರಾಜ್ಯದ ವಿದ್ಯಾಗಮ ಕಾರ್ಯಕ್ರಮವು ಮೊದಲು ಕೇಳಿದ ಪ್ರಶ್ನೆ ಯಂತ್ರದ್ದಲ್ಲ, ಮನೆಯದು: ಯಾವ ಮಗುವಿನ ಮನೆಯಲ್ಲಿ ಸ್ಮಾರ್ಟ್ ಫೋನಿದೆ, ಯಾರಲ್ಲಿ ಸಾದಾ ಫೋನಿದೆ, ಯಾರಲ್ಲಿ ಏನೂ ಇಲ್ಲ? ಏನೂ ಇಲ್ಲದ ಮಕ್ಕಳ ಬಳಿಗೆ ಶಿಕ್ಷಕರೇ ನಡೆದು ಹೋಗಬೇಕಾಯಿತು. ಫೋನು ತಂದೆಯ ಜೊತೆ ಹೊಲಕ್ಕೆ ಹೋಗುವ ಮನೆಯಲ್ಲಿ ಪಾಠದ ಕೊಂಡಿಯನ್ನು ಕಳುಹಿಸಿ ಏನು ಪ್ರಯೋಜನ?

ಔರಾದವು ಮಹಾರಾಷ್ಟ್ರ, ತೆಲಂಗಾಣಗಳೆರಡಕ್ಕೂ ಅಂಟಿದ ತಾಲ್ಲೂಕು. ಮನೆಯಲ್ಲಿ ಮರಾಠಿ ಅಥವಾ ಉರ್ದು ನುಡಿಯುವ ಮಗುವಿಗೆ ಬೆಂಗಳೂರಿನಲ್ಲಿ ಸಿದ್ಧವಾದ ಪಾಠ ನೇರವಾಗಿ ದಕ್ಕಲಾರದು. ಅದನ್ನು ತಡೆದು, ತಿದ್ದಿ, ಮಗುವಿನ ಭಾಷೆಗೆ ಹೊಂದಿಸುವ ಅಧಿಕಾರ ಸ್ಥಳೀಯರಿಗೆ ಇರಬೇಕು. ಹಾಗೆಯೇ ಮಕ್ಕಳ ಹೆಸರು, ಜಾತಿ, ಅಂಕಗಳೆಲ್ಲ ಗಣಕದಲ್ಲಿ ಸೇರುತ್ತಿರುವ ಈ ಕಾಲದಲ್ಲಿ ಅವುಗಳ ಗುಟ್ಟನ್ನು ಕಾಯುವುದೂ ಮುಖ್ಯೋಪಾಧ್ಯಾಯರ ಧರ್ಮವಾಗಿದೆ.

ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದಲ್ಲಿ ಮನೆಮಾತಾಗಿದೆ. ಫಲಕವಲ್ಲ, ಒಳಗಿನ ಪಾಠವೇ ಶಾಲೆ ಎಂಬುದನ್ನು ಅವರು ಬಲ್ಲರು. ಇಂದಿನ ಪರದೆಗಳ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಆದುದರಿಂದ ಶಾಲೆಗೆ ಗಣಕಯಂತ್ರ ನೀಡಬಯಸುವ ದಾನಿಗಳಲ್ಲಿ ಒಂದು ವಿನಂತಿ: ಯಂತ್ರದ ಬೆಲೆಯೊಡನೆ ಅದರ ದುರಸ್ತಿಗೂ, ಅದನ್ನು ಬಳಸುವ ಶಿಕ್ಷಕರ ತರಬೇತಿಗೂ ಒಂದು ಪಾಲನ್ನು ತೆಗೆದಿರಿಸಿರಿ. ಬೀಗ ಹಾಕಿದ ಕೋಣೆಯಲ್ಲಿ ಧೂಳು ತಿನ್ನುವ ದಾನ ಯಾರಿಗೂ ಶೋಭೆಯಲ್ಲ.