ತಿಜೋರಿಗೆ ನುಣುಪು ಬಣ್ಣ: ಸ್ಪ್ರೇ ಗನ್ನಿನ ಒಂದು ಪಾಠ



ರಂಜಾನ್ ಹತ್ತಿರ ಬಂತೆಂದರೆ ನಮ್ಮ ಹುಬ್ಬಳ್ಳಿಯ ಮನೆಗಳಲ್ಲಿ ಗೋಡೆಗೆ ಸುಣ್ಣ, ಹಳೆಯ ತಿಜೋರಿಗೆ ಹೊಸ ಬಣ್ಣ. ಪರೀಕ್ಷೆ ಮುಗಿದ ಮೇಲೆ ನಿಮ್ಮಲ್ಲಿ ಕೆಲವರು ಗ್ಯಾರೇಜಿಗೋ ಫ್ಯಾಬ್ರಿಕೇಶನ್ ಅಂಗಡಿಗೋ ಹೋಗಿ ಸ್ಪ್ರೇ ಗನ್ ಹಿಡಿಯುವುದೂ ನನಗೆ ಗೊತ್ತು. ರೈಲ್ವೆ ಬೋಗಿಗಳ ಕಾರ್ಯಾಗಾರ ಇರುವ, ಪಕ್ಕದ ಧಾರವಾಡದಲ್ಲಿ ಬಸ್ಸಿನ ಬಾಡಿ ಕಟ್ಟುವ ಊರಿನಲ್ಲಿ ಇದು ಸಣ್ಣ ವಿದ್ಯೆಯಲ್ಲ. ಪ್ರಥಮ ಪಿಯುಸಿಯ ದ್ರವಗಳ ಪಾಠದಲ್ಲಿ ಓದಿದ ಸ್ನಿಗ್ಧತೆ, ಮೇಲ್ಮೈ ಕರ್ಷಣ, ಬರ್ನೌಲಿ ತತ್ತ್ವ ಮೂರೂ ಈ ಗನ್ನಿನೊಳಗಿವೆ.

ಇದರ ಹುಟ್ಟು ಆಸ್ಪತ್ರೆಯ ಕಡೆಯದು. ಅಮೆರಿಕದ ಟೊಲೆಡೊ ನಗರದ ವೈದ್ಯ ಅಲೆನ್ ಡಿವಿಲ್ಬಿಸ್ 19ನೇ ಶತಮಾನದ ಕೊನೆಯಲ್ಲಿ ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸಲು ಒಂದು ಉಪಕರಣ ಮಾಡಿದರು. ಮುಂದೆ ಅವರ ಮಗ ಅದೇ ತತ್ತ್ವವನ್ನು ಬಣ್ಣಕ್ಕೆ ಹೊಂದಿಸಿದರು. ಗಂಟಲಿಗೆಂದು ಹುಟ್ಟಿದ ಯಂತ್ರ ಇಂದು ಗಂಟಲನ್ನೇ ಕೆಡಿಸುತ್ತಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಗನ್ನಿನಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಡಬ್ಬಿ ಕೆಳಗಿದ್ದರೆ, ಗಾಳಿ ವೇಗವಾಗಿ ಹಾಯುವಾಗ ಒತ್ತಡ ತಗ್ಗಿ ಬಣ್ಣ ಮೇಲೇರುತ್ತದೆ. ಡಬ್ಬಿ ಮೇಲಿದ್ದರೆ ಗುರುತ್ವವೇ ಬಣ್ಣವನ್ನು ಇಳಿಸುತ್ತದೆ. ಕಡಿಮೆ ಗಾಳಿ ಸಾಕು, ಬಣ್ಣವೂ ಕಡಿಮೆ ಉಳಿಯುತ್ತದೆ. ತಿಜೋರಿ, ಬೈಕಿನ ಟ್ಯಾಂಕಿನಂಥ ಕೆಲಸಕ್ಕೆ ಮೇಲು ಡಬ್ಬಿ, 1.4 ಮಿ.ಮೀ. ನಾಜಲ್ ಒಳ್ಳೆಯದು. ದಪ್ಪ ಪ್ರೈಮರಿಗೆ 1.7 ಅಥವಾ 1.8 ಬೇಕು.

ಆದರೆ ಹೆಚ್ಚಿನವರು ಎಡವುವುದು ಗನ್ನಿನಲ್ಲಲ್ಲ, ಕಂಪ್ರೆಸರಿನಲ್ಲಿ. ಅಂಗಡಿಯವರು ಒತ್ತಡದ ಅಂಕಿ ತೋರಿಸಿ ಮಾರುತ್ತಾರೆ. ನೀವು ಕೇಳಬೇಕಾದದ್ದು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಕೊಡುತ್ತದೆ ಎಂದು. ಒಂದು ಎಚ್‌ಪಿ ಮೋಟರಿನಿಂದ ಸುಮಾರು 3-4 ಘನ ಅಡಿ ಸಿಗುತ್ತದೆ. ದೊಡ್ಡ ಗನ್ ಅದರ ಎರಡರಷ್ಟನ್ನೋ ಮೂರರಷ್ಟನ್ನೋ ಕೇಳುತ್ತದೆ. ಅರ್ಧ ಬಾಗಿಲು ಹೊಡೆಯುವಷ್ಟರಲ್ಲಿ ಒತ್ತಡ ಕುಸಿದರೆ ಹನಿಗಳು ದಪ್ಪವಾಗಿ ಕಿತ್ತಳೆ ಸಿಪ್ಪೆಯಂಥ ಮೈ ಬರುತ್ತದೆ. ಸಣ್ಣ ಕಂಪ್ರೆಸರೇ ಇದ್ದರೆ ಸಣ್ಣ ಗನ್ ಕೊಳ್ಳಿರಿ.

ಇನ್ನು ಬಣ್ಣದ ತೆಳುವು. "ಹಾಲಿನಷ್ಟು ತೆಳ್ಳಗೆ" ಎಂದು ಉಸ್ತಾದರು ಹೇಳುತ್ತಾರೆ, ಅವರ ಕಣ್ಣಿಗೆ ಅದು ಸಾಕು. ನಮಗೆ ಕಪ್ ಬೇಕು. ಫೋರ್ಡ್ 4 ಎಂಬ ಕಪ್ಪಿನ ತಳದಲ್ಲಿ ಸುಮಾರು 4 ಮಿ.ಮೀ. ತೂತಿದೆ. ತುಂಬಿಸಿ ಬೆರಳು ತೆಗೆದು, ಧಾರೆ ಮೊದಲ ಬಾರಿ ತುಂಡಾಗುವವರೆಗೆ ಗಡಿಯಾರ ನೋಡಿ. ಸಿಂಪಡಿಸುವ ಎನಾಮೆಲ್ ಸಾಮಾನ್ಯವಾಗಿ 20 ಸೆಕೆಂಡಿನ ಆಸುಪಾಸು. ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅದೇ ಸರಿ. ಬೆಳಿಗ್ಗೆ ಅಳೆದ ಬಣ್ಣ ಏಪ್ರಿಲ್ ಮಧ್ಯಾಹ್ನಕ್ಕೆ ಇನ್ನಷ್ಟು ತೆಳುವಾಗುತ್ತದೆ, ಮತ್ತೆ ಅಳೆಯಿರಿ. ತೀರ ತೆಳುವಾದರೆ ಇಳಿಯುತ್ತದೆ. ದಪ್ಪವಾದರೆ ಮೇಲ್ಮೈ ಕರ್ಷಣ ಹನಿಗಳನ್ನು ಒಂದಾಗಿಸಿ ಸಮ ಮಾಡುವ ಮೊದಲೇ ಒಣಗುತ್ತದೆ.

ಟ್ರಿಗರ್ ಒತ್ತಿಹಿಡಿದಾಗ ಗೇಜು 30 ಪೌಂಡ್ ಸುಮಾರಿಗೆ ನಿಲ್ಲಲಿ. ಬಿಟ್ಟಾಗಿನ ಅಂಕಿ ಮೋಸದ್ದು. ಮೊದಲು ಹಳೆಯ ರಟ್ಟಿನ ಮೇಲೆ ಒಂದು ಕ್ಷಣ ಹೊಡೆದು ಗುರುತು ನೋಡಿ. ಉದ್ದನೆಯ ಸಮ ಅಂಡಾಕಾರ ಬಂದರೆ ಸರಿ. ನಡುವೆ ದಟ್ಟವಾದರೆ ಬಣ್ಣ ದಪ್ಪ ಅಥವಾ ಗಾಳಿ ಕಡಿಮೆ. ನಡು ಸಣಕಲಾಗಿ 8ರ ಅಂಕಿಯಂತಾದರೆ ಗಾಳಿ ಹೆಚ್ಚು. ಬಾಳೆಹಣ್ಣಿನಂತೆ ಬಾಗಿದರೆ ಏನೋ ಕಟ್ಟಿಕೊಂಡಿದೆ: ಮುಂದಿನ ಕ್ಯಾಪನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೆಯಿರಿ. ಬಾಗೂ ತಿರುಗಿದರೆ ಕಸ ಕ್ಯಾಪಿನಲ್ಲಿದೆ, ತಿರುಗದಿದ್ದರೆ ನಾಜಲಿನಲ್ಲಿ. ಎಂಥ ಚಂದದ ಪ್ರಯೋಗ ನೋಡಿ! ಕಸವನ್ನು ಥಿನ್ನರಿನಲ್ಲಿ ನೆನೆಸಿ ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ತಂತಿ ಚುಚ್ಚಿದರೆ ತೂತು ಕೆಡುತ್ತದೆ.

ಕೈ ಆರೇಳು ಇಂಚು ದೂರದಲ್ಲಿ ಬಾಗಿಲಿಗೆ ಸಮಾನಾಂತರವಾಗಿ ಸಾಗಬೇಕು, ಮಣಿಕಟ್ಟಿನಲ್ಲಿ ಬಾಗಬಾರದು. ಪ್ರತಿ ಪಟ್ಟಿ ಹಿಂದಿನದರ ಅರ್ಧದ ಮೇಲೆ ಬೀಳಲಿ.

ಒಂದು ಜುಲೈಯಲ್ಲಿ, ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ನಾನೇ ಒಂದು ಮರದ ಕಪಾಟಿಗೆ ಎನ್‌ಸಿ ಲ್ಯಾಕರ್ ಹೊಡೆದೆ. ಹತ್ತು ನಿಮಿಷದಲ್ಲಿ ಮೈಯೆಲ್ಲ ಬೂದಿ ಬಳಿದಂತೆ ಬೆಳ್ಳಗಾಯಿತು. ಥಿನ್ನರ್ ಬೇಗ ಆವಿಯಾಗಿ ಮೈಯನ್ನು ತಣ್ಣಗೆ ಮಾಡಿತ್ತು, ಗಾಳಿಯ ತೇವ ಅಲ್ಲಿ ಇಬ್ಬನಿಯಾಗಿ ಕೂತಿತ್ತು. ಮಳೆಗಾಲದಲ್ಲಿ ನಿಧಾನ ಆರುವ ಥಿನ್ನರ್ ಬಳಸಬೇಕು, ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನವೂ ಇಳಿಸಬೇಕು, ಗನ್ನಿಗೆ ಮುಂಚೆ ನೀರು ಹಿಡಿಯುವ ಫಿಲ್ಟರ್ ಇರಬೇಕು.

ಈಗ ಗಂಟಲಿನ ಮಾತು. ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ಹುಡುಗರನ್ನು ನೋಡುತ್ತೇನೆ. ಬಟ್ಟೆಯಾಗಲಿ ಧೂಳಿನ ಮಾಸ್ಕ್ ಆಗಲಿ ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು. ಕಾರಿಗೆ ಹೊಡೆಯುವ, ಹಾರ್ಡನರ್ ಬೆರೆಸುವ ಪಿಯು ಬಣ್ಣ ಇನ್ನೂ ಕೆಟ್ಟದ್ದು. ಅದರ ಐಸೊಸಯನೇಟಿಗೆ ಎಚ್ಚರಿಸುವಂಥ ವಾಸನೆಯಿಲ್ಲ, ಕಾರ್ಟ್ರಿಡ್ಜ್ ಯಾವಾಗ ಸೋತಿತೆಂದು ಮೂಗಿಗೆ ತಿಳಿಯದು. ಒಮ್ಮೆ ಅದರಿಂದ ಅಸ್ತಮಾ ಹತ್ತಿದರೆ ಮುಂದೆ ಚೂರು ಆವಿಯೂ ಉಸಿರು ಕಟ್ಟಿಸುತ್ತದೆ, ಆ ಕಸುಬನ್ನೇ ಬಿಡಬೇಕಾಗುತ್ತದೆ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಕೊಡುವ ಮುಖವಾಡ ಇಲ್ಲದ ಅಂಗಡಿಯಲ್ಲಿ ಹಾರ್ಡನರ್ ಡಬ್ಬಿ ತೆರೆದರೆ, ಉಸ್ತಾದರಿಗೆ ಸಲಾಂ ಹೇಳಿ ಹೊರಗೆ ಬನ್ನಿ. ಉಜ್ಜುವ ಕೆಲಸ, ಪುಟ್ಟಿ ಕೆಲಸ ಬೇಕಾದಷ್ಟಿದೆ, ಅದನ್ನು ಕೇಳಿ ತೆಗೆದುಕೊಳ್ಳಿ.