ಪೊದೆಯ ಹಿಂದಿನ ಚಿರತೆ: ಒಂದು ಪಾಠದ ಅವಲೋಕನ

ಬೋಧನಾಭ್ಯಾಸದ ವೇಳೆ ಏಳನೇ ತರಗತಿಯ ಮಕ್ಕಳನ್ನು ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಕರೆದೊಯ್ದಿದ್ದೆ. 1892ರಲ್ಲಿ ಆರಂಭವಾದ ಮೃಗಾಲಯವಿದು. ನಾನು ಕೊಟ್ಟ ಚಟುವಟಿಕೆ: 'ಒಂದು ಪ್ರಾಣಿಯ ಆವರಣವನ್ನು ಉತ್ತಮಪಡಿಸಲು ಯೋಜನೆ ಬರೆಯಿರಿ.'

ಚಿರತೆ ಪೊದೆಯ ಹಿಂದೆ ಸರಿದು ಮಲಗಿಬಿಟ್ಟಿತು. ಬಾಲದ ತುದಿ ಬಿಟ್ಟರೆ ಏನೂ ಕಾಣಲಿಲ್ಲ. ಮರುದಿನ ಬಂದ ಯೋಜನೆಗಳು ಹೆಚ್ಚುಕಡಿಮೆ ಒಂದೇ: ಪೊದೆ ಕಡಿಸಬೇಕು, ದೀಪ ಹಾಕಿಸಬೇಕು, ಕೂತು ನೋಡಲು ಬೆಂಚು ಬೇಕು. ತಪ್ಪು ಮಕ್ಕಳದ್ದಲ್ಲ, ಯಾರಿಗೆ ಉತ್ತಮವಾಗಬೇಕು ಎಂಬುದು ನನ್ನ ಪ್ರಶ್ನೆಯಲ್ಲೇ ಇರಲಿಲ್ಲ.

ಹಿಂದಿನ ಸಾಲಿನ ಹುಡುಗಿಯೊಬ್ಬಳು, 'ಮಿಸ್, ನಾವು ಕೂಗಿದ ಮೇಲೇ ಅದು ಒಳಕ್ಕೆ ಹೋಗಿದ್ದು' ಅಂದಳು. ಪಾಠಯೋಜನೆ ಮಡಚಿಟ್ಟೆ. ಚಿರತೆ ಒಂಟಿಯಾಗಿ ಬಾಳುತ್ತದೆ, ಹೆಚ್ಚಾಗಿ ರಾತ್ರಿ ಬೇಟೆಯಾಡುತ್ತದೆ, ಮರ ಹತ್ತುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆದು, ಒಂದೊಂದಕ್ಕೂ ಆವರಣದಲ್ಲಿ ಏನಿರಬೇಕು ಎಂದು ಕೇಳಿದೆ. ಅಟ್ಟಣೆ ಬಂತು, ಎತ್ತರದ ಕೊಂಬೆ ಬಂತು, ನೋಡುಗರ ಕಡೆಗೆ ಗಿಡಗಳ ಮರೆ ಬಂತು. ಮಾಂಸವನ್ನು ಅಲ್ಲಲ್ಲಿ ಅಡಗಿಸಿಡಬೇಕು, ಅದೇ ಹುಡುಕಿಕೊಳ್ಳಲಿ ಎಂದನೊಬ್ಬ. ಎಷ್ಟೋ ಮೃಗಾಲಯಗಳಲ್ಲಿ ಹಾಗೆ ಮಾಡುತ್ತಾರೆ ಎಂದಾಗ ಅವನ ಮುಖ ನೋಡಬೇಕಿತ್ತು!

ಒಂದು ಗುಂಪು ಮಾತ್ರ ಒಪ್ಪಲಿಲ್ಲ: 'ಟಿಕೆಟ್ ತಗೊಂಡು ಬಂದವರಿಗೆ ಕಾಣದಿದ್ದರೆ?' ನನ್ನಲ್ಲೂ ಪೂರ್ತಿ ಉತ್ತರವಿರಲಿಲ್ಲ. ಮುಂದಿನ ಅವಧಿಗೆ ಆ ಪ್ರಶ್ನೆಯನ್ನೇ ಇಟ್ಟುಕೊಂಡಿದ್ದೇನೆ.