ಮದ್ದಿನ ಗಿಡಗಳಲ್ಲಿ ಮಧುಮೇಹದ ಕಿಣ್ವ ಪ್ರತಿಬಂಧಕಗಳು: ಮುಖ್ಯಾಂಶಗಳು

• ಅನ್ನ, ಮುದ್ದೆಯಲ್ಲಿರುವ ಪಿಷ್ಟವನ್ನು ಆಲ್ಫಾ-ಅಮೈಲೇಸ್ ತುಂಡರಿಸುತ್ತದೆ. ಸಣ್ಣಕರುಳಿನ ಆಲ್ಫಾ-ಗ್ಲೂಕೊಸಿಡೇಸ್‌ಗಳು ಆ ತುಂಡುಗಳಿಂದ ಗ್ಲೂಕೋಸ್ ಬಿಡಿಸುತ್ತವೆ. ಈ ಕಿಣ್ವಗಳನ್ನು ತಡೆದರೆ ಊಟದ ನಂತರ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ.

• ಈ ಕಿಣ್ವಗಳನ್ನು ತಡೆಯುವ ಔಷಧಿಗಳು: ಅಕಾರ್ಬೋಸ್, ಮಿಗ್ಲಿಟಾಲ್, ವೋಗ್ಲಿಬೋಸ್. ಅಕಾರ್ಬೋಸ್ ಸಿಕ್ಕಿದ್ದು ಗಿಡದಿಂದಲ್ಲ, ಆಕ್ಟಿನೋಪ್ಲೇನ್ಸ್ ಎಂಬ ಬ್ಯಾಕ್ಟೀರಿಯಾದಿಂದ. ಮೆಟ್‌ಫಾರ್ಮಿನ್‌ನ ಕಥೆ ಗಲೇಗಾ ಗಿಡದಿಂದ ಶುರುವಾದರೂ ಅದು ಈ ಗುಂಪಿಗೆ ಸೇರದು.

• ಏಕನಾಯಕ (ಸಲೇಸಿಯಾ ಕುಲ): ಪಶ್ಚಿಮಘಟ್ಟ ಮತ್ತು ಶ್ರೀಲಂಕಾದ ಬಳ್ಳಿ. ಶ್ರೀಲಂಕಾದಲ್ಲಿ ಇದರ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವ ರೂಢಿಯಿದೆ. ಜಪಾನಿನ ವಿಜ್ಞಾನಿಗಳು 1997ರಲ್ಲಿ ಇದರಿಂದ ಸಲಸಿನಾಲ್ ಎಂಬ ಪ್ರತಿಬಂಧಕವನ್ನು ಬೇರ್ಪಡಿಸಿದರು. ರೂಢಿಯೇ ಪ್ರಯೋಗಾಲಯಕ್ಕೆ ದಾರಿ ತೋರಿದ ಇಂಥ ಉದಾಹರಣೆಯನ್ನು ಪರೀಕ್ಷೆಯ ಉತ್ತರದಲ್ಲಿ ಬಿಡಬಾರದು.

• ಹಿಪ್ಪುನೇರಳೆ: ಇದರಲ್ಲಿರುವ 1-ಡಿಆಕ್ಸಿನೊಜಿರಿಮೈಸಿನ್ ಗ್ಲೂಕೋಸನ್ನೇ ಹೋಲುವ ಅಣು, ಉಂಗುರದ ಆಮ್ಲಜನಕದ ಜಾಗದಲ್ಲಿ ಸಾರಜನಕ ಇದೆ. ಮಿಗ್ಲಿಟಾಲ್ ಇದರದೇ ಮಾರ್ಪಾಡು. ಬೇರೆ ಹುಳುಗಳಿಗೆ ವಿಷವಾಗುವ ಈ ವಸ್ತುವನ್ನು ರೇಷ್ಮೆಹುಳು ತಾಳಿಕೊಳ್ಳುತ್ತದೆ.

• ಪರೀಕ್ಷೆ: ಗ್ಲೂಕೊಸಿಡೇಸ್‌ಗೆ ಪಿಎನ್‌ಪಿಜಿ ಎಂಬ ಕೃತಕ ತಲಾಧಾರವನ್ನು ಬಳಸಿ, ಅದರಿಂದ ಬಿಡುಗಡೆಯಾದ ಹಳದಿ ಬಣ್ಣವನ್ನು 405 ನ್ಯಾನೊಮೀಟರ್‌ನಲ್ಲಿ ಅಳೆಯುತ್ತಾರೆ. ಅಮೈಲೇಸ್‌ಗೆ ಡಿಎನ್‌ಎಸ್ ವಿಧಾನ, 540 ನ್ಯಾನೊಮೀಟರ್. ಕಿಣ್ವದ ಕೆಲಸವನ್ನು ಅರ್ಧಕ್ಕೆ ಇಳಿಸುವ ಸಾಂದ್ರತೆಯೇ ಐಸಿ50. ಅದು ಕಡಿಮೆಯಿದ್ದಷ್ಟೂ ಪ್ರತಿಬಂಧಕ ಪ್ರಬಲ.

• ಸ್ಪರ್ಧಾತ್ಮಕ ತಡೆಯಲ್ಲಿ ಕೆಎಂ (ಅರ್ಧ ಗರಿಷ್ಠ ವೇಗಕ್ಕೆ ಬೇಕಾದ ತಲಾಧಾರದ ಸಾಂದ್ರತೆ) ಹೆಚ್ಚುತ್ತದೆ, ವಿಮ್ಯಾಕ್ಸ್ (ಗರಿಷ್ಠ ವೇಗ) ಬದಲಾಗದು. ಸ್ಪರ್ಧೆಯಿಲ್ಲದ ತಡೆಯಲ್ಲಿ ವಿಮ್ಯಾಕ್ಸ್ ಇಳಿಯುತ್ತದೆ, ಕೆಎಂ ಹಾಗೇ ಇರುತ್ತದೆ.

• ಹೆಚ್ಚಿನ ಅಂಕ ತರುವ ವಿಮರ್ಶೆ ಇಲ್ಲಿದೆ. ಗ್ಲೂಕೊಸಿಡೇಸ್ ಪರೀಕ್ಷೆಗೆ ಅಗ್ಗವಾಗಿ ಸಿಗುವ ಯೀಸ್ಟ್ ಕಿಣ್ವವನ್ನೇ ಅನೇಕರು ಬಳಸುತ್ತಾರೆ. ಆದರೆ ಅಕಾರ್ಬೋಸ್ ಯೀಸ್ಟ್ ಕಿಣ್ವವನ್ನು ಬಲು ದುರ್ಬಲವಾಗಿ ತಡೆಯುತ್ತದೆ. ಹಾಗಾಗಿ ಸಾಧಾರಣ ಸೊಪ್ಪಿನ ಕಷಾಯವೂ "ಅಕಾರ್ಬೋಸ್‌ಗಿಂತ ಪರಿಣಾಮಕಾರಿ" ಎಂದು ಕಾಣುತ್ತದೆ. ಇಲಿಯ ಅಥವಾ ಮನುಷ್ಯರ ಕರುಳಿನ ಕಿಣ್ವದಲ್ಲಿ ಮತ್ತೆ ಪರೀಕ್ಷಿಸದೆ ಆ ಮಾತನ್ನು ನಂಬಬೇಡಿ. ಟ್ಯಾನಿನ್‌ಗಳು ಯಾವ ಪ್ರೋಟೀನಿಗಾದರೂ ಅಂಟಿಕೊಂಡು ಸುಳ್ಳು ಫಲಿತಾಂಶ ಕೊಡುತ್ತವೆ; ಗಿಡದ ಸಾರದ ಸ್ವಂತ ಬಣ್ಣವೂ ಅಳತೆ ಕೆಡಿಸುತ್ತದೆ.

• ಸಾರವನ್ನು ಹಂತಹಂತವಾಗಿ ಬಿಡಿಸಿ, ಪ್ರತಿ ಭಾಗವನ್ನೂ ಪರೀಕ್ಷಿಸಿ, ಕೊನೆಗೆ ಎನ್‌ಎಂಆರ್‌ನಿಂದ ಅಣುವಿನ ರಚನೆ ಗುರುತಿಸುತ್ತಾರೆ.

• ಈ ಔಷಧಿಗಳ ಅಡ್ಡಪರಿಣಾಮ: ಹೊಟ್ಟೆಯುಬ್ಬರ, ಭೇದಿ. ಇನ್ಸುಲಿನ್ ಜೊತೆ ಅಕಾರ್ಬೋಸ್ ತೆಗೆದುಕೊಳ್ಳುವವರಿಗೆ ಸಕ್ಕರೆ ಮಟ್ಟ ಕುಸಿದರೆ ಗ್ಲೂಕೋಸನ್ನೇ ಕೊಡಬೇಕು. ಅಡುಗೆಮನೆಯ ಸಕ್ಕರೆಯನ್ನು ಒಡೆಯಬೇಕಾದ ಕಿಣ್ವಕ್ಕೆ ತಡೆಯಿರುವುದರಿಂದ ಆ ಸಕ್ಕರೆ ಬೇಗ ಕೆಲಸಕ್ಕೆ ಬಾರದು.